ಎಡಗಿವಿಗೋ, ಬಲಗಿವಿಗೋ?

ಕನ್ನಡಕದ ಅಂಗಡಿಗೆ ಹೋದವರನ್ನು "ಯಾವ ಕಣ್ಣಿಗೆ ಬೇಕು?" ಎಂದು ಯಾರೂ ಕೇಳುವುದಿಲ್ಲ. ಕಣ್ಣು ಎರಡು, ಗಾಜೂ ಎರಡು. ಅದು ಎಲ್ಲರೂ ಒಪ್ಪಿದ ಲೆಕ್ಕ. ಆದರೆ ಕಿವಿ ಮಂದವಾದವರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಶ್ರವಣಯಂತ್ರಕ್ಕೆ ಬೆಲೆ ಒಂದೊಂದಕ್ಕೆ ಬೇರೆ ಬೇರೆ. ಎರಡನ್ನು ಕೊಂಡರೆ ಖರ್ಚೂ ಇಮ್ಮಡಿ. ಆದುದರಿಂದ ಮಧ್ಯಮ ವರ್ಗದ ಸಂಸಾರಗಳಲ್ಲಿ "ಸದ್ಯಕ್ಕೆ ಒಂದು ಸಾಕು" ಎಂಬ ತೀರ್ಮಾನ ಮೊದಲು ಆಗುತ್ತದೆ, "ಯಾವ ಕಿವಿಗೆ?" ಎಂಬ ಪ್ರಶ್ನೆ ಅನಂತರ ಏಳುತ್ತದೆ.

ಈ ಪ್ರಶ್ನೆಗೆ ಮನೆಮಂದಿಯ ಬಳಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. "ಹೆಚ್ಚು ಕೆಟ್ಟಿರುವ ಕಿವಿಗೇ ಹಾಕಿಸೋಣ, ಮದ್ದು ಹಚ್ಚುವುದು ಗಾಯವಾದ ಕಡೆಗೆ ತಾನೇ?" ಎನ್ನುತ್ತಾನೆ ಮಗ. "ಒಣಗಿದ ಗಿಡಕ್ಕೆ ನೀರೆರೆದು ಏನು ಫಲ? ಇನ್ನೂ ಜೀವವಿರುವ ಕಿವಿಗೆ ಹಾಕಿಸಿ" ಎನ್ನುತ್ತಾರೆ ಅಳಿಯಂದಿರು. ಎರಡು ಮಾತುಗಳಲ್ಲಿಯೂ ಸತ್ಯಾಂಶ ಉಂಟು. ಎರಡೂ ಎಲ್ಲರಿಗೂ ಅನ್ವಯಿಸುವ ಮಾತುಗಳಲ್ಲ. ಯಂತ್ರ ತಂದುಕೊಡುವ ಶಬ್ದವನ್ನು ಯಾವ ಕಿವಿ ಮಾತಾಗಿ ಮಾಡಿಕೊಳ್ಳಬಲ್ಲದು ಎಂಬುದೇ ಇಲ್ಲಿ ಮುಖ್ಯವಾದ ವಿಚಾರ. ಇದನ್ನು ಅರಿಯದೆ ಮಾಡಿದ ಆಯ್ಕೆಯಿಂದ ಯಂತ್ರವು ಬೀರುವಿನ ಖಾನೆ ಸೇರುತ್ತದೆ. ಮನೆಯ ಹಿರಿಯರು ನಾಲ್ವರ ನಡುವೆ ಕುಳಿತೂ ಮಾತಿನಿಂದ ಹೊರಗೆ ಉಳಿಯುತ್ತಾರೆ.

ಎರಡು ಕಿವಿ ಏತಕ್ಕೆ?

"ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುವುದು" ಎಂದು ಆಡಿಕೊಳ್ಳುವುದು ಲೋಕರೂಢಿ. ಆದರೆ ನಿಸರ್ಗವು ಎರಡನೆಯ ಕಿವಿಯನ್ನು ಬಿಡುವುದಕ್ಕಾಗಿ ಕೊಟ್ಟದ್ದಲ್ಲ. ಬಲಗಡೆಯಿಂದ ಬರುವ ಶಬ್ದ ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗಲು ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಅಲ್ಪವಾದ ಅಂತರವನ್ನು ಮಿದುಳು ಅಳೆದು, ಶಬ್ದ ಯಾವ ದಿಕ್ಕಿನದೆಂದು ನಿರ್ಣಯಿಸುತ್ತದೆ. ಇದರ ಜೊತೆಗೆ, ತಾರಸ್ಥಾಯಿಯ ಶಬ್ದಗಳಿಗೆ ತಲೆಯೇ ಅಡ್ಡಗೋಡೆಯಾಗಿ, ಆಚೆಯ ಕಿವಿಯಲ್ಲಿ ಅವು ಕ್ಷೀಣವಾಗಿ ಕೇಳಿಸುತ್ತವೆ. ಮಂದ್ರಸ್ಥಾಯಿಯ ಶಬ್ದಗಳ ದಿಕ್ಕು ಕಾಲದ ಅಂತರದಿಂದಲೂ, ತಾರಸ್ಥಾಯಿಯ ಶಬ್ದಗಳ ದಿಕ್ಕು ಬಲದ ಅಂತರದಿಂದಲೂ ತಿಳಿಯುತ್ತದೆಂದು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೀ 1907ರಲ್ಲಿ ವಿವರಿಸಿದರು.

ಎರಡು ಕಿವಿಗಳು ಕೂಡಿದಾಗ ಸೂಕ್ಷ್ಮವಾದ ಶಬ್ದ ಸುಮಾರು 3 ಡೆಸಿಬೆಲ್‌ಗಳಷ್ಟು ಹೆಚ್ಚು ಸುಲಭವಾಗಿ ಕೇಳಿಸುತ್ತದೆ. ಇದಕ್ಕಿಂತಲೂ ದೊಡ್ಡ ಲಾಭವೆಂದರೆ, ಗದ್ದಲದ ನಡುವೆ ಬೇಕಾದ ಒಂದು ದನಿಯನ್ನು ಹೆಕ್ಕಿಕೊಳ್ಳುವ ಶಕ್ತಿ. ಮದುವೆಯ ಮನೆಯಲ್ಲಿ ವಾಲಗದ ನಡುವೆ ಬೀಗರ ಮಾತನ್ನು ಹಿಡಿಯುವುದಕ್ಕೂ, ಹಿಂದಿನಿಂದ ಬರುವ ಬಸ್ಸಿನ ಹಾರನ್ನು ಎಡಗಡೆಯದೋ ಬಲಗಡೆಯದೋ ಎಂದು ತಿಳಿಯುವುದಕ್ಕೂ ಈ ಜೋಡಿಯೇ ಆಧಾರ.

ಶ್ರವಣಯಂತ್ರವು ಅಂಗಿಯ ಜೇಬಿನಲ್ಲಿ ಕುಳಿತು, ಅದರಿಂದ ಹೊರಟ ತಂತಿ ಕಿವಿಗೆ ಏರುತ್ತಿದ್ದ ಕಾಲವೊಂದಿತ್ತು. ಕೆಲವರು ಕವಲೊಡೆದ ತಂತಿಯಿಂದ ಎರಡು ಕಿವಿಗಳಿಗೂ ಶಬ್ದವನ್ನು ಹಂಚಿಕೊಳ್ಳುತ್ತಿದ್ದರು. ಆದರೆ ಶಬ್ದವನ್ನು ಹಿಡಿಯುವ ಮೈಕು ಎದೆಯ ಮೇಲೆ ಒಂದೇ ಇದ್ದುದರಿಂದ ಎರಡು ಕಿವಿಗಳಿಗೂ ಹೋಗುತ್ತಿದ್ದುದು ಒಂದೇ ಶಬ್ದ. ದಿಕ್ಕಿನ ಅರಿವು ಅದರಲ್ಲಿ ದೊರೆಯುತ್ತಿರಲಿಲ್ಲ. ಇಂದು ಯಂತ್ರವು ಕಿವಿಯ ಹಿಂದೆ ಅಥವಾ ಕಿವಿಯ ಒಳಗೇ ಅಡಗುವಷ್ಟು ಚಿಕ್ಕದಾಗಿರುವುದರಿಂದ, ಯಾವ ಕಿವಿಗೆ ಹಾಕಿದೆಯೋ ಆ ಕಡೆಯ ಲೋಕವೇ ಕೇಳಿಸುತ್ತದೆ. ಹೀಗಾಗಿ ಆಯ್ಕೆಯ ಪ್ರಶ್ನೆಗೆ ಈಗ ಹೆಚ್ಚಿನ ಮಹತ್ವ ಬಂದಿದೆ.

ಕೆಂಪು ಸೊನ್ನೆ, ನೀಲಿ ಗುಣಕ

ಶ್ರವಣ ಪರೀಕ್ಷೆಗೆ ಹೋದವರನ್ನು ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಕುಳ್ಳಿರಿಸಿ, ಒಂದೊಂದು ಕಿವಿಗೂ ಬೇರೆ ಬೇರೆಯಾಗಿ ನಾದಗಳನ್ನು ಕೇಳಿಸುತ್ತಾರೆ. ಸಾಮಾನ್ಯವಾಗಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗಿನ ಸ್ಥಾಯಿಗಳ ಪರೀಕ್ಷೆ ನಡೆಯುತ್ತದೆ. ಪ್ರತಿಯೊಂದು ಸ್ಥಾಯಿಯಲ್ಲಿಯೂ ಕೇಳಿಸುವ ಅತ್ಯಂತ ಸಣ್ಣ ಸದ್ದು ಎಷ್ಟೆಂಬುದನ್ನು ಡೆಸಿಬೆಲ್‌ಗಳಲ್ಲಿ ಗುರುತಿಸುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಕ ಚಿಹ್ನೆ. ಇವುಗಳನ್ನು ಜೋಡಿಸಿದ ಎರಡು ಗೆರೆಗಳ ಚಿತ್ರಕ್ಕೇ ಆಡಿಯೋಗ್ರಾಂ ಎಂದು ಹೆಸರು. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ.

ಈ ಅಂಕಿಗಳ ಅರ್ಥ ತಿಳಿಯಬೇಕಾದರೆ ಒಂದೆರಡು ಅಳತೆಗಳು ನೆನಪಿನಲ್ಲಿರಬೇಕು. ಪಿಸುಮಾತು ಸುಮಾರು 30 ಡೆಸಿಬೆಲ್; ಎದುರು ಕುಳಿತವರ ಸಾಧಾರಣ ಸಂಭಾಷಣೆ ಸುಮಾರು 60. ಪ್ರತಿ 10 ಡೆಸಿಬೆಲ್ ಏರಿಕೆಗೂ ಶಬ್ದದ ಶಕ್ತಿ ಹತ್ತರಷ್ಟಾಗುತ್ತದೆ. ಆದುದರಿಂದ 40 ಮತ್ತು 60ರ ನಡುವಿನ ಅಂತರ ಕಾಗದದ ಮೇಲೆ ಕಾಣುವಷ್ಟು ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 20 ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ಶ್ರವಣ ಸಹಜ; 35ರಿಂದ 50ರವರೆಗೆ ಮಧ್ಯಮ ನಷ್ಟ; 65ರಿಂದ 80ರವರೆಗೆ ತೀವ್ರ ನಷ್ಟ.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ತಾರಸ್ಥಾಯಿಯ ಶಬ್ದಗಳು ಮೊದಲು ಮಾಯವಾಗುತ್ತವೆ. ಸ್ವರಗಳಿಗೆ ಬಲ ಹೆಚ್ಚು, ಅವು ಉಳಿಯುತ್ತವೆ. ಸ, ಶ, ತ, ಕ, ಪ ಮೊದಲಾದ ವ್ಯಂಜನಗಳು ಜಾರಿಹೋಗುತ್ತವೆ. ಆಗ ಹಾಲು, ಕಾಲು, ಪಾಲು, ಸಾಲು ಎಲ್ಲವೂ ಒಂದೇ. ಮಗ ಸಂತೋಷದಿಂದ "ಸಾಲ ತೀರಿತು" ಎಂದದ್ದು ತಂದೆಯವರಿಗೆ "ಕಾಲ ತೀರಿತು" ಎಂದು ಕೇಳಿಸಿದರೆ ಗಾಬರಿಯಾಗದೆ ಇದ್ದೀತೇ? "ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುವುದು ಹಟದ ಮಾತಲ್ಲ, ಅಕ್ಷರಶಃ ಸತ್ಯ.

ಪದಗಳ ಪರೀಕ್ಷೆ

ಆದುದರಿಂದಲೇ ನಾದಗಳ ಪರೀಕ್ಷೆಯೊಂದನ್ನೇ ನಂಬಿ ಕಿವಿಯನ್ನು ಆರಿಸುವುದು ಸರಿಯಲ್ಲ. ಅದರ ಅನಂತರ ಪದಗಳ ಪರೀಕ್ಷೆ ನಡೆಯಬೇಕು. ಧಾರಾಳವಾಗಿ ಕೇಳಿಸುವಷ್ಟು ಗಟ್ಟಿಯಾಗಿ ಒಂದೊಂದೇ ಪದವನ್ನು ಒಂದು ಕಿವಿಗೆ ಹೇಳಿ, ಅದನ್ನು ತಿರುಗಿ ಹೇಳಿಸುತ್ತಾರೆ. ಭಾಷೆಯಲ್ಲಿ ಬರುವ ಧ್ವನಿಗಳು ತಕ್ಕ ಪ್ರಮಾಣದಲ್ಲಿ ಸೇರಿರುವಂತೆ ಆರಿಸಿದ ಪದಗಳ ಪಟ್ಟಿಗಳು ಕನ್ನಡದಲ್ಲಿಯೂ ಇವೆ. ಕನ್ನಡದವರನ್ನು ಕನ್ನಡದ ಪದಗಳಿಂದಲೇ ಪರೀಕ್ಷಿಸಬೇಕೆಂಬುದು ನ್ಯಾಯವಾದ ಅಪೇಕ್ಷೆ. ತಿಳಿಯದ ಭಾಷೆಯ ಪದವನ್ನು ತಪ್ಪಾಗಿ ಹೇಳಿದರೆ ಅದು ಕಿವಿಯ ದೋಷವಾಗಲಾರದು.

ಉದಾಹರಣೆಗಾಗಿ, ಒಬ್ಬರ ಎರಡು ಕಿವಿಗಳ ನಷ್ಟವೂ ಸರಿಸುಮಾರು 60 ಡೆಸಿಬೆಲ್ ಎಂದಿಟ್ಟುಕೊಳ್ಳಬಹುದು. ಆಡಿಯೋಗ್ರಾಂನಲ್ಲಿ ಎರಡು ಗೆರೆಗಳೂ ಅವಳಿ ಜವಳಿ. ಆದರೆ 25 ಪದಗಳಲ್ಲಿ ಬಲಗಿವಿ 20ನ್ನು ಸರಿಯಾಗಿ ಹೇಳಿ, ಎಡಗಿವಿ 8ನ್ನು ಮಾತ್ರ ಹೇಳಿದರೆ ತೀರ್ಪು ಸ್ಪಷ್ಟ. ಎಡಗಿವಿಗೆ ಎಷ್ಟೇ ಬೆಲೆಬಾಳುವ ಯಂತ್ರ ಹಾಕಿದರೂ ದೊರೆಯುವುದು ಗಟ್ಟಿಯಾದ ಗೊಂದಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳೋ ಶ್ರವಣನರವೋ ಹಾಳಾಗಿ ಮಾತು ಕಲಸಿಹೋದ ಮೇಲೆ, ಅದನ್ನು ಜೋರು ಮಾಡಿದ ಮಾತ್ರಕ್ಕೆ ಅದು ಬಿಡಿಸಿಕೊಳ್ಳುವುದಿಲ್ಲ.

"ಗಟ್ಟಿಯಾಗಿ ಹೇಳು!" "ಕಿರಿಚಬೇಡ!"

ಕಿವಿ ಮಂದವಾದವರ ಮನೆಗಳಲ್ಲಿ ನಿತ್ಯವೂ ನಡೆಯುವ ಒಂದು ಪ್ರಹಸನ ಉಂಟು. ಸೊಸೆ ಮೆಲ್ಲಗೆ ಹೇಳಿದರೆ ಮಾವನವರು "ಗಟ್ಟಿಯಾಗಿ ಹೇಳಮ್ಮ" ಎನ್ನುತ್ತಾರೆ, ಗಟ್ಟಿಯಾಗಿ ಹೇಳಿದ ಕೂಡಲೇ "ಏಕಮ್ಮಾ ಕಿರಿಚುತ್ತೀ?" ಎಂದು ಸಿಡುಕುತ್ತಾರೆ. ಸೊಸೆಗೆ ದುಃಖ, ಮಾವನವರಿಗೆ ಕೋಪ. ಇಬ್ಬರದೂ ತಪ್ಪಿಲ್ಲ. ಆರೋಗ್ಯವಂತ ಕಿವಿಗೆ ಸೊನ್ನೆಯಿಂದ ಸುಮಾರು 100 ಡೆಸಿಬೆಲ್‌ವರೆಗೆ ಸಹಿಸುವ ವಿಸ್ತಾರ ಇರುತ್ತದೆ. ಒಳಗಿವಿ ಕೆಟ್ಟಾಗ ಕೇಳಿಸಲು ತೊಡಗುವ ಮಟ್ಟ ಮೇಲೇರುತ್ತದೆ, ಸಹಿಸಲಾರದ ಮಟ್ಟ ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. 60ಕ್ಕೆ ಕೇಳಿಸತೊಡಗಿ 95ಕ್ಕೆ ನೋವಾಗುವ ಕಿವಿಯಲ್ಲಿ ಉಳಿದ ಜಾಗ ಕೇವಲ 35 ಡೆಸಿಬೆಲ್. ಲೋಕದ ಸದ್ದುಗಳೆಲ್ಲ ಆ ಇಕ್ಕಟ್ಟಿನಲ್ಲಿ ಹಿಡಿಯಬೇಕು.

ಇಂದಿನ ಡಿಜಿಟಲ್ ಯಂತ್ರಗಳು ಮೆಲುದನಿಯನ್ನು ಹೆಚ್ಚಾಗಿಯೂ ಜೋರುದನಿಯನ್ನು ಕಡಿಮೆಯಾಗಿಯೂ ವರ್ಧಿಸಿ ಈ ತೊಂದರೆಯನ್ನು ಬಹಳಮಟ್ಟಿಗೆ ನಿವಾರಿಸುತ್ತವೆ. ಆದರೂ ಎರಡು ಕಿವಿಗಳಲ್ಲಿ ಯಾವುದಕ್ಕೆ ಸಹನೆಯ ವಿಸ್ತಾರ ಹೆಚ್ಚಿದೆಯೋ ಅದಕ್ಕೆ ಯಂತ್ರ ಹೊಂದುವ ಸಂಭವ ಹೆಚ್ಚು. ಹಾಗೆಯೇ ಆಡಿಯೋಗ್ರಾಂನ ಗೆರೆ ಕಡಿದಾದ ಬೆಟ್ಟದಂತೆ ಇಳಿದಿರುವ ಕಿವಿಗಿಂತ ಸಮವಾಗಿ ಸಾಗಿರುವ ಕಿವಿಗೆ ಯಂತ್ರವನ್ನು ಹೊಂದಿಸುವುದು ಸುಲಭ.

ಮಗ ಸರಿಯೋ, ಅಳಿಯ ಸರಿಯೋ?

ಒಂದೇ ಯಂತ್ರ ಕೊಳ್ಳುವವರಿಗಾಗಿ ಶ್ರವಣತಜ್ಞರು ಬಹುಕಾಲದಿಂದ ಅನುಸರಿಸುತ್ತ ಬಂದಿರುವ ಒಂದು ಸ್ಥೂಲವಾದ ಸೂತ್ರವಿದೆ. ಪದಗಳ ಪರೀಕ್ಷೆಯಲ್ಲಿ ಎರಡು ಕಿವಿಗಳೂ ಸಮನಾಗಿ ನಿಂತಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಬಲಗಿವಿಯ ನಷ್ಟ 40, ಎಡಗಿವಿಯದು 60 ಎಂದಿರಲಿ. ಇಲ್ಲಿ ಮಗನ ಮಾತು ಗೆಲ್ಲುತ್ತದೆ. ಬಲಗಿವಿಯು ಯಂತ್ರವಿಲ್ಲದೆಯೂ ಹತ್ತಿರದ ಮಾತನ್ನು ಅಷ್ಟಿಷ್ಟು ಹಿಡಿಯಬಲ್ಲದು. ಎಡಗಿವಿಗೆ ಯಂತ್ರ ಹಾಕಿ ಅದನ್ನು ಬಲಗಿವಿಯ ಮಟ್ಟಕ್ಕೆ ಏರಿಸಿದರೆ ಎರಡೂ ಜೊತೆಯಾಗಿ ದುಡಿಯುತ್ತವೆ. ಬಲಗಿವಿಗೇ ಹಾಕಿದ್ದರೆ ಎಡಗಿವಿ ಇನ್ನಷ್ಟು ಹಿಂದೆ ಬಿದ್ದು ಇಬ್ಬರ ಕೆಲಸವನ್ನು ಒಬ್ಬನೇ ಮಾಡಬೇಕಾಗುತ್ತಿತ್ತು.

ಬಲಗಿವಿಯ ನಷ್ಟ 70, ಎಡಗಿವಿಯದು 90 ಎಂದಿರಲಿ. ಈಗ ಅಳಿಯಂದಿರ ಮಾತು ಗೆಲ್ಲುತ್ತದೆ. ಯಂತ್ರವಿಲ್ಲದೆ ಎರಡರಲ್ಲಿ ಯಾವುದೂ ಸಂಭಾಷಣೆಯನ್ನು ಹಿಡಿಯಲಾರದು. ಇರುವ ಒಂದೇ ಯಂತ್ರವನ್ನು ಹೆಚ್ಚು ಉಳಿದಿರುವ ಬಲಗಿವಿಗೆ ಕೊಟ್ಟರೆ ಮಾತು ತಿಳಿದೀತು. 90ರ ಕಿವಿಗೆ ಕೊಟ್ಟರೆ ಇರುವುದನ್ನೂ ಕಳೆದುಕೊಂಡಂತೆ.

ಎರಡೂ ಕಿವಿಗಳು ಎಲ್ಲ ವಿಧದಲ್ಲಿಯೂ ಸಮವಾಗಿದ್ದರೆ ಜೀವನಕ್ರಮವೇ ನಿರ್ಣಾಯಕ. ನಮ್ಮ ದೇಶದಲ್ಲಿ ಕಾರು ನಡೆಸುವವರು ಬಲಗಡೆ ಕೂರುತ್ತಾರೆ. ಜೊತೆಯವರ ಮಾತು ಬರುವುದು ಎಡಗಡೆಯಿಂದ, ಬಲಗಡೆಯ ಕಿಟಕಿಯಿಂದ ಬರುವುದು ಗಾಳಿಯ ಭೋರ್ಗರೆತ. ಅಂತಹವರಿಗೆ ಎಡಗಿವಿ ಲೇಸು. ಗೋಡೆಯನ್ನು ಒಂದು ಪಕ್ಕಕ್ಕೆ ಮಾಡಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ವರ್ತಕರಿಗೆ ಗಿರಾಕಿಗಳು ನಿಲ್ಲುವ ಕಡೆಯ ಕಿವಿ ಲೇಸು. ಟೆಲಿಫೋನನ್ನು ಯಾವ ಕಿವಿಗೆ ಹಿಡಿಯುವ ಅಭ್ಯಾಸವಿದೆ ಎಂಬುದನ್ನೂ ವಿಚಾರಿಸಬೇಕು. ಆದರೆ ಇಂದಿನ ಹಲವು ಯಂತ್ರಗಳು ಮೊಬೈಲಿನ ಕರೆಯನ್ನು ನೇರವಾಗಿ ಕಿವಿಗೆ ತಲುಪಿಸುವುದರಿಂದ ಈ ಕಾರಣದ ತೂಕ ಮೊದಲಿನಷ್ಟಿಲ್ಲ.

ಬೆರಳುಗಳ ಮಾತನ್ನೂ ಮರೆಯಬಾರದು. ಯಂತ್ರವನ್ನು ದಿನವೂ ಹಾಕಿ ತೆಗೆಯಬೇಕು. ಪುಟ್ಟ ಬ್ಯಾಟರಿಯನ್ನು ಬದಲಾಯಿಸಬೇಕು. ಪಾರ್ಶ್ವವಾಯುವಿನಿಂದ ಬಲಗೈ ಸೋತವರು, ಕೀಲುನೋವಿನಿಂದ ಒಂದು ಭುಜವನ್ನು ಮೇಲೆತ್ತಲಾರದವರು, ಸ್ವಾಧೀನವಿರುವ ಕೈಗೆ ಎಟಕುವ ಕಿವಿಯನ್ನೇ ಆರಿಸುವುದು ಉಚಿತ. ಇನ್ನೊಬ್ಬರು ಹಾಕಿಕೊಡುವ ತನಕ ಕಾಯಬೇಕಾದ ಯಂತ್ರ ಬಹುದಿನ ಬಳಕೆಯಲ್ಲಿ ಉಳಿಯುವುದಿಲ್ಲ.

ಸೋರುವ ಕಿವಿಯ ವಿಷಯ ಬೇರೆಯೇ. ತಮಟೆಯಲ್ಲಿ ರಂಧ್ರವಾಗಿ ಕೀವು ಒಸರುತ್ತಿರುವ ಕಿವಿಗೆ ಅಚ್ಚು ತುರುಕಿ ಮುಚ್ಚಿದರೆ ಗಾಳಿಯಾಡದೆ ರೋಗ ಉಲ್ಬಣಿಸುತ್ತದೆ. ಮೊದಲು ಕಿವಿಯ ವೈದ್ಯರಿಂದ ಚಿಕಿತ್ಸೆ. ಅದು ಒಣಗುವವರೆಗೆ ಯಂತ್ರಕ್ಕೆ ಇನ್ನೊಂದು ಕಿವಿ. ಎರಡೂ ಸೋರುವವರಿಗೆ ಮೂಳೆಯ ಮೂಲಕ ಶಬ್ದವನ್ನು ಒಳಗಿವಿಗೆ ಸಾಗಿಸುವ ಯಂತ್ರಗಳಿವೆ. ಬರಿಯ ಗುಗ್ಗೆ ಕಟ್ಟಿಕೊಂಡು ಕಿವಿ ಮಂದವಾಗಿರುವುದೂ ಉಂಟು. ಅದನ್ನು ತೆಗೆಸಿದ ಮೇಲೆಯೇ ಪರೀಕ್ಷೆ.

ಬಲಗಿವಿಯ ಹಿರಿಮೆ

ಬಲಗಿವಿಯೇ ಶ್ರೇಷ್ಠವೆಂದು ಹೇಳುವವರೂ ಇದ್ದಾರೆ; ಅದು ಬರಿಯ ಶಕುನದ ಮಾತಲ್ಲ. ಕೆನಡದ ಡೋರೀನ್ ಕಿಮುರಾ ಎಂಬ ವಿದುಷಿ 1961ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎರಡು ಕಿವಿಗಳಿಗೂ ಏಕಕಾಲದಲ್ಲಿ ಬೇರೆ ಬೇರೆ ಅಂಕಿಗಳನ್ನು ಕೇಳಿಸಿದಾಗ ಬಲಗಿವಿಯ ಅಂಕಿಗಳನ್ನೇ ಹೆಚ್ಚು ಜನ ಸರಿಯಾಗಿ ಹೇಳಿದರು. ಬಹುಪಾಲು ಜನರಲ್ಲಿ ಭಾಷೆಯ ನೆಲೆ ಮಿದುಳಿನ ಎಡಭಾಗ. ಬಲಗಿವಿಯಿಂದ ಆ ಕಡೆಗೆ ಹೋಗುವ ಹಾದಿ ಪ್ರಬಲವಾದದ್ದು. ಆದರೆ ಈ ಹೆಚ್ಚುಗಾರಿಕೆ ಅಲ್ಪ. ಬೇರೆಲ್ಲ ಕಾರಣಗಳೂ ತಕ್ಕಡಿಯಲ್ಲಿ ಸಮನಾಗಿ ನಿಂತಾಗ ಬಲಗಡೆಗೆ ಇಡಬಹುದಾದ ಒಂದು ಗುಲಗಂಜಿ, ಅಷ್ಟೆ.

ಬಿಟ್ಟ ಕಿವಿಯ ಗತಿ

ಇಷ್ಟೆಲ್ಲ ಯೋಚಿಸಿ ಒಂದು ಕಿವಿಯನ್ನು ಆರಿಸಿದ ಮೇಲೆ ಇನ್ನೊಂದರ ಗತಿಯೇನು? ಬಹಳ ಕಾಲ ಈ ಪ್ರಶ್ನೆಯನ್ನು ಹೆಚ್ಚು ಜನ ಕೇಳಿರಲಿಲ್ಲ. 1984ರಲ್ಲಿ ಅಮೆರಿಕದ ಸಿಲ್ಮನ್, ಗೆಲ್ಫಂಡ್, ಸಿಲ್ವರ್ಮನ್ ಎಂಬ ಮೂವರು ಸಂಶೋಧಕರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಎರಡು ಕಿವಿಗಳೂ ಮಂದವಾಗಿದ್ದವರಲ್ಲಿ ಕೆಲವರು ಒಂದೇ ಕಿವಿಗೆ, ಕೆಲವರು ಎರಡಕ್ಕೂ ಯಂತ್ರ ಧರಿಸಿದ್ದರು. ನಾಲ್ಕೈದು ವರ್ಷಗಳ ತರುವಾಯ ಅವರನ್ನು ಮತ್ತೆ ಪರೀಕ್ಷಿಸಿದಾಗ, ಒಂದೇ ಯಂತ್ರ ಧರಿಸಿದವರ ಬಿಟ್ಟ ಕಿವಿಯಲ್ಲಿ ಪದಗಳನ್ನು ಗುರುತಿಸುವ ಶಕ್ತಿ ಕುಗ್ಗಿತ್ತು. ಯಂತ್ರ ಧರಿಸಿದ ಕಿವಿಗಳಲ್ಲಿ ಹಾಗಾಗಿರಲಿಲ್ಲ. ಉಪಯೋಗಿಸದ ಕೈ ಸೊರಗುವಂತೆ, ಮಾತು ಬೀಳದ ಕಿವಿಯೂ ಮಾತನ್ನು ಮರೆಯುತ್ತದೆ. ಮುಂದೆ ಆ ಕಿವಿಗೆ ಯಂತ್ರ ಹಾಕಿದಾಗ ಕೆಲವರಲ್ಲಿ ಶಕ್ತಿ ಮರಳಿದೆ, ಎಲ್ಲರಲ್ಲಿಯೂ ಮರಳಿಲ್ಲ.

"ಸದ್ಯಕ್ಕೆ ಒಂದು ಸಾಕು" ಎಂಬ ಮಾತಿನ ನಿಜವಾದ ಬೆಲೆ ಇದು. ಎರಡು ಕಿವಿಗಳೂ ಮಂದವಾಗಿದ್ದು ಎರಡರಲ್ಲಿಯೂ ಪದ ತಿಳಿಯುವ ಶಕ್ತಿ ಉಳಿದಿರುವವರಿಗೆ ಎರಡು ಯಂತ್ರಗಳೇ ಉತ್ತಮವೆಂಬುದು ಇಂದು ತಜ್ಞರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಸಾಕಷ್ಟು ಹಣವಿಲ್ಲದಿದ್ದರೆ, ಅತಿ ದುಬಾರಿಯಾದ ಒಂದರ ಬದಲು ಸಾಧಾರಣ ದರ್ಜೆಯ ಎರಡು ಯಂತ್ರಗಳು ತಮಗೆ ಹೊಂದುವುವೇ ಎಂದು ವಿಚಾರಿಸುವುದು ಜಾಣತನ. ಮಾತು ಕಲಿಯಬೇಕಾದ ಮಕ್ಕಳ ವಿಷಯದಲ್ಲಂತೂ, ಎರಡು ಕಿವಿಗಳೂ ಮಂದವಾಗಿದ್ದರೆ, ಎರಡಕ್ಕೂ ಆದಷ್ಟು ಬೇಗ ಯಂತ್ರ ಒದಗಿಸಬೇಕು. ಕಳೆದುಹೋದ ವರ್ಷಗಳನ್ನು ಆ ಮಗುವಿಗೆ ಹಿಂದಕ್ಕೆ ಕೊಡಲಾಗದು.

ಇದಕ್ಕೆ ಅಪವಾದಗಳೂ ಇವೆ. ಕೆಲವು ವೃದ್ಧರಿಗೆ ಎರಡು ಯಂತ್ರಗಳಿಗಿಂತ ಒಂದರಲ್ಲಿಯೇ ಮಾತು ಚೆನ್ನಾಗಿ ತಿಳಿಯುತ್ತದೆ. ಒಂದು ಕಿವಿಯ ಕಲಸಿದ ಶಬ್ದ ಇನ್ನೊಂದರ ಸ್ಪಷ್ಟ ಶಬ್ದವನ್ನೂ ಕೆಡಿಸುತ್ತದೆ. ಇಂತಹ ನಿದರ್ಶನಗಳನ್ನು ಅಮೆರಿಕದ ಜೇಮ್ಸ್ ಜೆರ್ಗರ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದರು. ಇನ್ನು ಒಂದು ಕಿವಿ ಪೂರ್ತಿಯಾಗಿ ಸತ್ತು ಇನ್ನೊಂದು ಚೆನ್ನಾಗಿರುವವರು ಸತ್ತ ಕಿವಿಗೆ ಸಾಮಾನ್ಯ ಯಂತ್ರ ಹಾಕಿಸುವುದು ವ್ಯರ್ಥ. ಅಂತಹವರಿಗಾಗಿ 1965ರಲ್ಲಿ ಹಾರ್ಫರ್ಡ್ ಮತ್ತು ಬ್ಯಾರಿ ಎಂಬುವರು ಒಂದು ಉಪಾಯವನ್ನು ವಿವರಿಸಿದರು: ಸತ್ತ ಕಿವಿಯ ಬಳಿ ಮೈಕು, ಅದು ಹಿಡಿದ ಶಬ್ದ ಹೋಗುವುದು ಒಳ್ಳೆಯ ಕಿವಿಗೆ. ಈ ಬಗೆಯ ಯಂತ್ರಗಳು ಈಗ ತಂತಿಯ ಹಂಗಿಲ್ಲದೆ ಕೆಲಸ ಮಾಡುತ್ತವೆ.

ಎಲ್ಲಿ ವಿಚಾರಿಸಬೇಕು?

ಯಂತ್ರದ ಅಂಗಡಿಗೆ ಹೋಗುವ ಮೊದಲು ಕಿವಿಯ ವೈದ್ಯರನ್ನು ಕಾಣಬೇಕು. ಒಂದೇ ಕಿವಿ ಮಂದವಾಗುತ್ತಿದ್ದರೆ, ಒಂದೇ ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದಿದ್ದರೆ, ಒಳಗೆ ಬೇರೆ ರೋಗವಿದೆಯೇ ಎಂದು ಶೋಧಿಸುವುದು ಅವಶ್ಯಕ. ರಾತ್ರಿ ಚೆನ್ನಾಗಿದ್ದ ಕಿವಿ ಬೆಳಗಾಗುವಷ್ಟರಲ್ಲಿ ಕೇಳಿಸದೆ ಹೋದರೆ ಅಂದೇ ಆಸ್ಪತ್ರೆಗೆ ಧಾವಿಸಬೇಕು. ಮೊದಲ ಕೆಲವು ದಿನಗಳ ಚಿಕಿತ್ಸೆಯಿಂದ ಮರಳಬಹುದಾದ ಶ್ರವಣ, ವಾರಗಳು ಕಳೆದರೆ ಮರಳುವುದು ದುರ್ಲಭ.

ಈ ವಿಷಯದಲ್ಲಿ ಕನ್ನಡಿಗರದು ಒಂದು ಭಾಗ್ಯವೆಂದೇ ಹೇಳಬೇಕು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಪರೀಕ್ಷೆ, ಯಂತ್ರದ ಆಯ್ಕೆ, ಅಚ್ಚಿನ ತಯಾರಿಕೆ, ಅನಂತರದ ತರಬೇತಿ ಎಲ್ಲವೂ ಅಲ್ಲಿ ದೊರೆಯುತ್ತವೆ. ಅಲ್ಪಾದಾಯದ ಅರ್ಹರಿಗೆ ಸಾಧನಗಳನ್ನು ಒದಗಿಸಲು 1981ರಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯೂ ಇದೆ.

ಪರೀಕ್ಷೆಗೆ ಹೋದವರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಒಂದೊಂದು ಕಿವಿಯೂ ಎಷ್ಟು ಪದಗಳನ್ನು ಸರಿಯಾಗಿ ಹೇಳಿತು? ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಎರಡಕ್ಕೂ ಒಮ್ಮೆ ಯಂತ್ರ ಹಾಕಿ ಗದ್ದಲದ ನಡುವೆ ಪರೀಕ್ಷಿಸಿ ನೋಡಬಹುದೇ? ಕೆಲವು ದಿನ ಮನೆಯಲ್ಲಿ ಬಳಸಿ ನೋಡಲು ಕೊಡುವಿರಾ? ಇವುಗಳಿಗೆ ಸಮಾಧಾನದಿಂದ ಉತ್ತರಿಸದವರ ಬಳಿ ಹಣವನ್ನು ಎಣಿಸಿಕೊಡುವ ಅವಸರ ಬೇಡ.

ಇನ್ನೊಂದು ಮಾತನ್ನು ಮನೆಮಂದಿ ತಿಳಿದಿರಬೇಕು. ಬಂದವರ ಕಣ್ಣಿಗೆ ಬೀಳದ ಕಡೆಗೆ ಯಂತ್ರ ಇರಲಿ ಎಂದು ಅನೇಕ ಹಿರಿಯರು ಕಿವಿಯನ್ನು ಆರಿಸುತ್ತಾರೆ. ಕನ್ನಡಕಕ್ಕಿಲ್ಲದ ಸಂಕೋಚ ಈ ಯಂತ್ರಕ್ಕೆ ಅಂಟಿಕೊಂಡಿರುವುದು ವಿಷಾದಕರ. ಯಂತ್ರ ಬಂದ ಮೊದಲ ವಾರಗಳಲ್ಲಿ ತಟ್ಟೆ ಲೋಟಗಳ ಸದ್ದೂ ಕರ್ಕಶವೆನಿಸುತ್ತದೆ. ಎಷ್ಟೋ ವರ್ಷ ಕೇಳದಿದ್ದ ಸದ್ದುಗಳಿಗೆ ಮಿದುಳು ಮತ್ತೆ ಒಗ್ಗಿಕೊಳ್ಳಬೇಕು. ಆ ದಿನಗಳಲ್ಲಿ ಮನೆಯವರು ಯಂತ್ರವಿರುವ ಕಡೆಗೆ ಬಂದು, ಮುಖ ಕಾಣುವಂತೆ ಎದುರು ನಿಂತು, ಕಿರಿಚದೆ, ನಿಧಾನವಾಗಿ ಮಾತನಾಡಿದರೆ ಅರ್ಧ ಕೆಲಸ ಆದಂತೆ. ವರ್ಷಕ್ಕೊಮ್ಮೆ ಎರಡು ಕಿವಿಗಳನ್ನೂ ಮತ್ತೆ ಪರೀಕ್ಷಿಸಬೇಕು. ಬಿಟ್ಟ ಕಿವಿಯಲ್ಲಿ ಪದಗಳು ಕಡಿಮೆಯಾಗತೊಡಗಿದವೆಂದು ಕಂಡರೆ, ಎರಡನೆಯ ಯಂತ್ರಕ್ಕೆ ಹಣ ಕೂಡಿಸಲು ಅದೇ ಸಮಯ.